ಬಣ್ಣದಡಿ ಹುಟ್ಟಿದ ಸಾಬೂನು

ನಮ್ಮಲ್ಲಿ ‘ಗ್ಯಾರೇಜು’ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ಕು, ಎಣ್ಣೆ ಕುಡಿದು ಕಪ್ಪಾದ ನೆಲ. ಮನೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಮೈಸೂರಿನ ಕಡೆ ‘ಕಾರ್ ಶೆಡ್ಡು’ ಎಂಬ ಹೆಸರೇ ಬಾಯಿಗೆ ಬರುತ್ತದೆ. ಹೆಸರು ಹಾಗಿದ್ದರೂ ಅಲ್ಲಿ ಕಾರೊಂದೇ ಇರುವುದಿಲ್ಲ. ಸ್ಕೂಟರು, ಮಗುವಿನ ಮುರಿದ ಸೈಕಲ್ಲು, ಇನ್ವರ್ಟರಿನ ಬ್ಯಾಟರಿ, ಗೊಬ್ಬರದ ಚೀಲ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಎಲ್ಲಕ್ಕೂ ಅದೇ ಆಶ್ರಯ. ಎಷ್ಟೋ ಮನೆಗಳಲ್ಲಿ ಸಂಜೆಯ ಟ್ಯೂಷನ್ ನಡೆಯುವುದೂ ಅಲ್ಲೇ, ಚಾಪೆ ಹಾಸಿಕೊಂಡು. ಹಾಗಾಗಿ ಆ ನೆಲ ಹೇಗಿರಬೇಕು ಎಂಬುದು ಕಾರಿಗಷ್ಟೇ ಸಂಬಂಧಿಸಿದ ಮಾತಲ್ಲ.

ನಮ್ಮ ಶೆಡ್ಡಿನ ನೆಲ ಮೂವತ್ತು ವರ್ಷ ಹಳೆಯದು. ಅಲ್ಲಲ್ಲಿ ಪುಡಿಯೇಳುತ್ತಿತ್ತು, ಎಷ್ಟು ಗುಡಿಸಿದರೂ ಬೂದಿಯಂಥ ಧೂಳು. ದೀಪಾವಳಿಗೆ ಮೊದಲು ಮೇಸ್ತ್ರಿಯನ್ನು ಕರೆಸಿ ಮೇಲೆ ತೆಳುವಾಗಿ ಸಿಮೆಂಟು ಗಾರೆ ಎಳೆಸಿದೆ. ಹಬ್ಬ ಹತ್ತಿರ ಬಂದಿತ್ತು. ಹತ್ತು ದಿನ ಕಳೆಯುವುದರೊಳಗೆ ಬಣ್ಣದಂಗಡಿಯವರು ಕೊಟ್ಟ ‘ನೆಲಕ್ಕೆಂದೇ ಇರುವ’ ಕೆಂಪು ಎನಾಮೆಲ್ ಬಣ್ಣವನ್ನು ಎರಡು ಕೈ ಬಳಿದೆವು. ನೋಡಲು ಚೆನ್ನಾಗಿಯೇ ಇತ್ತು. ಬಂದವರೆಲ್ಲ ಹೊಗಳಿದರು. ಮೂರನೆಯ ವಾರ ಕಾರು ಹೊರಗೆ ತೆಗೆದಾಗ ನಾಲ್ಕು ಚಕ್ರಗಳು ನಿಂತ ಕಡೆ ಬಣ್ಣ ಕಿತ್ತುಬಂದಿತ್ತು. ಮೂಲೆಯಲ್ಲಿ ಗುಳ್ಳೆಗಳೆದ್ದಿದ್ದವು. ಗುಳ್ಳೆ ಒಡೆದು ಮುಟ್ಟಿದರೆ ಬೆರಳಿಗೆ ಲೋಳೆ ಲೋಳೆ. ಅದೇ ಮೂಲೆಯಲ್ಲಿ ಒಂದು ಬೆಳಿಗ್ಗೆ ನನ್ನ ತಂದೆ ಹಾಲಿನ ಪ್ಯಾಕೆಟ್ಟು ತರಲು ಹೋಗಿ ಜಾರಿ ಬಿದ್ದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪಟ್ಟಿ ಹಾಕಿಸಿಕೊಂಡು ಕೂರಬೇಕಾಯಿತು. ಎಪ್ಪತ್ತೆಂಟರ ವಯಸ್ಸಿನಲ್ಲಿ ಅದು ಸಣ್ಣ ಪೆಟ್ಟಲ್ಲ.

ತಪ್ಪು ಎಲ್ಲಾಯಿತು ಎಂದು ಅಂಗಡಿಯವರನ್ನು ಕೇಳಿದರೆ ಮೇಸ್ತ್ರಿಯ ಕಡೆ ಕೈ ತೋರಿಸಿದರು, ಮೇಸ್ತ್ರಿ ಅಂಗಡಿಯ ಕಡೆ. ಉತ್ತರ ಕೊಟ್ಟವಳು ಎರಡನೇ ಪಿಯುಸಿ ಓದುತ್ತಿದ್ದ ಮಗಳು. ಕಿತ್ತುಬಂದ ಬಣ್ಣದ ಹಕ್ಕಳೆಯ ಹಿಂಭಾಗಕ್ಕೆ ಅಡುಗೆಮನೆಯ ಅರಿಸಿನ ಕಲಸಿ ಸವರಿದಳು. ಅರಿಸಿನ ಕೆಂಪಾಯಿತು. “ಅಪ್ಪಾ, ಆರತಿ ನೀರು ನೋಡಿ” ಎಂದಳು.

ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದು ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ರಸಾಯನಶಾಸ್ತ್ರ. ಕ್ಷಾರ ಇದ್ದ ಕಡೆ ಅರಿಸಿನ ಬಣ್ಣ ಬದಲಿಸುತ್ತದೆ. ಸಿಮೆಂಟಿಗೆ ನೀರು ಸೇರಿದಾಗ ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ವರ್ತಿಸಿ ಗಟ್ಟಿಯಾದ ಅಂಟು ರೂಪ ತಾಳುತ್ತವೆ. ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಹುಟ್ಟುತ್ತದೆ. ಸಿಮೆಂಟಿನಲ್ಲಿ ಸ್ವಲ್ಪ ಪ್ರಮಾಣದ ಸೋಡಿಯಂ, ಪೊಟ್ಯಾಸಿಯಂ ಕ್ಷಾರಗಳೂ ಇರುತ್ತವೆ. ಹೊಸ ಕಾಂಕ್ರೀಟಿನ ರಂಧ್ರಗಳಲ್ಲಿರುವ ನೀರಿನ ಪಿ.ಎಚ್. ಮೌಲ್ಯ 12.5ರಿಂದ 13ರ ಆಸುಪಾಸು. ಇನ್ನು ಎನಾಮೆಲ್ ಬಣ್ಣದ ಕಡೆಗೆ ಬನ್ನಿ. ಅದರ ಅಂಟು ತಯಾರಾಗುವುದು ಅಗಸೆ, ಸೋಯಾ ಮುಂತಾದ ಎಣ್ಣೆಗಳಿಂದ. ಎಣ್ಣೆ, ಕ್ಷಾರ, ನೀರು ಮೂರೂ ಕೂಡಿದರೆ ಏನಾಗುತ್ತದೆ? ಪಠ್ಯಪುಸ್ತಕದಲ್ಲಿ ಸಾಬೂನೀಕರಣ ಎಂಬ ಹೆಸರಿನ ಪಾಠವಿದೆ. ನಾವು ದುಡ್ಡು ಕೊಟ್ಟು ನಮ್ಮ ಶೆಡ್ಡಿನ ನೆಲದಲ್ಲಿ, ಬಣ್ಣದ ಅಡಿಯಲ್ಲಿ, ಸಾಬೂನು ತಯಾರಿಸಿದ್ದೆವು. ತಂದೆಯವರು ಜಾರಿದ್ದು ಅದರ ಮೇಲೆ.

ಹೊಸ ಗಾರೆಗೆ ಕನಿಷ್ಠ 28 ದಿನ ಕಾಯಬೇಕು ಎಂಬ ನಿಯಮ ಏಕಿದೆಯೆಂದು ಆಗ ತಿಳಿಯಿತು. ನಾವು ಕಾದದ್ದು ಹತ್ತು ದಿನ. ಆದರೆ ಬರೀ ಕಾದಿದ್ದರೂ ಸಾಲುತ್ತಿರಲಿಲ್ಲ ಎಂಬುದು ಮುಂದಿನ ಕಥೆ.

ನೆಲ ಹೊರುವ ಭಾರ

ಎರಡನೆಯ ಸಲ ಮೋಸಹೋಗಬಾರದೆಂದು ನಾಲ್ಕು ಕಡೆ ವಿಚಾರಿಸಿದೆ. ಎಲ್ಲರೂ ಹೇಳಿದ್ದು ಒಂದೇ ಮಾತು: “ಕಾರಿನ ಭಾರಕ್ಕೆ ಬಣ್ಣ ನಿಲ್ಲೋದಿಲ್ಲ ಸಾರ್.” ಇದನ್ನು ಲೆಕ್ಕ ಹಾಕಿ ನೋಡುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ. 1000 ಕಿಲೋ ತೂಕದ ಕಾರಿನಲ್ಲಿ ಒಂದು ಚಕ್ರದ ಪಾಲು 250 ಕಿಲೋ ಎನ್ನಿ. ಚಕ್ರದ ಗಾಳಿಯ ಒತ್ತಡ ಚದರ ಅಂಗುಲಕ್ಕೆ 32 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. ಚಕ್ರ ನೆಲದ ಮೇಲೆ ಹಾಕುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಸಾಧಾರಣ ಎಂ-20 ದರ್ಜೆಯ ಕಾಂಕ್ರೀಟು ತಡೆಯಬಲ್ಲದ್ದು ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ. ಕಾರಿನ ಭಾರ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಅದೇ ಸ್ಕೂಟರಿನ ಸ್ಟ್ಯಾಂಡು ನೋಡಿ. ಸ್ಟ್ಯಾಂಡಿನ ಒಂದು ಕಾಲಿನ ಮೇಲೆ 40 ಕಿಲೋ ಬಿದ್ದು, ಆ ಕಾಲು ನೆಲಕ್ಕೆ ತಾಗುವ ಜಾಗ ಎರಡು ಚದರ ಸೆಂಟಿಮೀಟರು ಎಂದುಕೊಂಡರೆ, ಒತ್ತಡ ಚದರ ಸೆಂಟಿಮೀಟರಿಗೆ 20 ಕಿಲೋ. ಕಾರಿನ ಚಕ್ರದ ಒಂಬತ್ತರಷ್ಟು! ಮೇಲಾಗಿ ಅದು ಕಬ್ಬಿಣ, ಎಳೆದಾಗ ಕೆರೆಯುತ್ತದೆ. ಹೊದಿಕೆ ಯಾವುದೇ ಇರಲಿ, ಮೊದಲ ಗೀರು ಬೀಳುವುದು ಸ್ಕೂಟರ್ ಸ್ಟ್ಯಾಂಡಿನಿಂದಲೇ. ಹಳೆಯ ರಬ್ಬರ್ ಚಾಪೆಯ ತುಂಡೊಂದನ್ನು ಅಲ್ಲಿ ಹಾಕಿದರೆ ಸಾಕು. ಇಷ್ಟು ಸುಲಭದ ಉಪಾಯ ಯಾರೂ ಹೇಳಲಿಲ್ಲ.

ಹಾಗಾದರೆ ಕಾರಿನ ಚಕ್ರ ಬಣ್ಣ ಕೀಳುವುದು ಹೇಗೆ? ಭಾರದಿಂದಲ್ಲ, ಬಿಸಿಯಿಂದ. ದೂರ ಓಡಿಬಂದ ಚಕ್ರ ಕಾದಿರುತ್ತದೆ. ಆ ಬಿಸಿಗೆ ಕೆಳಗಿನ ತೆಳು ಹೊದಿಕೆ ಮೆತ್ತಗಾಗಿ ರಬ್ಬರಿಗೆ ಅಂಟಿಕೊಳ್ಳುತ್ತದೆ. ರಬ್ಬರಿನೊಳಗಿನ ಎಣ್ಣೆಯಂಶಗಳೂ ಹೊದಿಕೆಗೆ ಇಳಿದು ಮತ್ತಷ್ಟು ಮೆತ್ತಗೆ ಮಾಡುತ್ತವೆ. ರಾತ್ರಿ ಚಕ್ರ ತಣಿದು ಕುಗ್ಗುವಾಗ ಹೊದಿಕೆಯನ್ನೂ ಹಿಡಿದೆಳೆಯುತ್ತದೆ. ಬೆಳಿಗ್ಗೆ ಕಾರು ಹೊರಟರೆ ಬಣ್ಣವೂ ಅದರ ಜೊತೆ ಹೊರಡುತ್ತದೆ. ಕೆಳಗಿನ ಹಿಡಿತ ದುರ್ಬಲವಾಗಿದ್ದರೆ ಈ ಎಳೆತವೇ ಸಾಕು.

ಎರಡು ಡಬ್ಬಿಯ ವಿದ್ಯೆ

ಎಲ್ಲರೂ ಸೂಚಿಸುವ ಮದ್ದು ಎಪಾಕ್ಸಿ. ಮುರಿದ ಬೊಂಬೆ ಅಂಟಿಸಲು ತರುವ ಅರಾಲ್ಡೈಟಿನ ಎರಡು ಟ್ಯೂಬುಗಳು ಗೊತ್ತಲ್ಲ, ಅದೇ ಕುಲದ್ದು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. 1930ರ ದಶಕದ ಕೊನೆ ಮತ್ತು 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾಂ, ಅಮೆರಿಕದ ಸಿಲ್ವನ್ ಗ್ರೀನ್ಲೀ ಇಬ್ಬರೂ ಬೇರೆ ಬೇರೆಯಾಗಿ ಇದರ ಹಾದಿ ಹಿಡಿದರು. ಕಾಸ್ತಾಂ ಹುಡುಕುತ್ತಿದ್ದುದು ಕೃತಕ ಹಲ್ಲು ತಯಾರಿಸಲು ಬೇಕಾದ ವಸ್ತುವನ್ನು. ಹಲ್ಲಿಗೆಂದು ಹೊರಟದ್ದು ಕೊನೆಗೆ ಕಾರಿನ ಕಾಲಡಿಗೂ ಬಂತು.

ಎರಡನ್ನೂ ಹೇಳಿದ ಪ್ರಮಾಣದಲ್ಲಿ ಬೆರೆಸಿದಾಗ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆ ಹೆಣೆಯುತ್ತವೆ. ಇದು ಬಣ್ಣ ಒಣಗುವುದಲ್ಲ, ಹೊಸ ವಸ್ತುವೊಂದು ಹುಟ್ಟುವುದು. ಆಗ ಶಾಖವೂ ಹೊರಬೀಳುತ್ತದೆ. ಬೆರೆಸಿದ್ದನ್ನು ಬಕೆಟ್ಟಿನಲ್ಲೇ ಇಟ್ಟು ಕಾಫಿ ಕುಡಿಯಲು ಹೋದರೆ ಆ ಶಾಖ ಹೊರಹೋಗಲಾರದೆ ಇಡೀ ಬಕೆಟ್ಟು ಬಿಸಿಯಾಗಿ ಕಲ್ಲಾಗುತ್ತದೆ. ಬೆರೆಸಿದ ಕೂಡಲೇ ನೆಲದ ಮೇಲೆ ಸುರಿದು ಹರಡಬೇಕು. ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಪಿಯುಸಿಯಲ್ಲಿ ಓದುತ್ತೇವೆ. ರಾಯಚೂರಿನ ಮೇ ತಿಂಗಳಿನಲ್ಲಿ ಕೈಗೆ ಸಿಗುವ ಸಮಯ ಮಡಿಕೇರಿಯ ಜನವರಿಯಲ್ಲಿ ಸಿಗುವುದಕ್ಕಿಂತ ಬಹಳ ಕಡಿಮೆ.

ಅಂಗಡಿಯಲ್ಲಿ ಒಂದೇ ಡಬ್ಬಿಯ ಮೇಲೆ ‘ಎಪಾಕ್ಸಿ’ ಎಂದು ಬರೆದಿದ್ದರೆ ಅನುಮಾನಪಡಿ. ಅದು ಮಾಮೂಲಿ ಬಣ್ಣಕ್ಕೆ ಸ್ವಲ್ಪ ಎಪಾಕ್ಸಿಯ ನೆಂಟಸ್ತನ ಕಟ್ಟಿದ್ದು. ಎರಡು ಡಬ್ಬಿಯದರಲ್ಲೂ ನೋಡಬೇಕಾದ ಒಂದು ಅಂಕಿಯಿದೆ: ಬಳಿದದ್ದರಲ್ಲಿ ನೆಲದ ಮೇಲೆ ಉಳಿಯುವ ಘನಾಂಶ ಶೇಕಡಾ ಎಷ್ಟು ಎಂಬುದು. ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಶೆಡ್ಡು ಅಂದರೆ 180 ಚದರ ಅಡಿ, ಸುಮಾರು 16.7 ಚದರ ಮೀಟರು. ಅದರ ಮೇಲೆ 300 ಮೈಕ್ರಾನು ದಪ್ಪದ, ಅಂದರೆ ಮಿಲಿಮೀಟರಿನ ಮೂರನೇ ಒಂದಕ್ಕೂ ತುಸು ಕಡಿಮೆಯ, ಹೊದಿಕೆ ಬೇಕೆಂದರೆ ಬೇಕಾದ ಗಾತ್ರ ಐದು ಲೀಟರು. ಘನಾಂಶ ಶೇಕಡಾ ನೂರು ಇದ್ದರೆ ಐದು ಲೀಟರು ತಂದರೆ ಸಾಕು. ಐವತ್ತು ಇದ್ದರೆ, ಅರ್ಧ ನೀರಾಗಿಯೋ ದ್ರಾವಕವಾಗಿಯೋ ಗಾಳಿಗೆ ಹೋಗುತ್ತದೆ. ಹತ್ತು ಲೀಟರು ಬೇಕು. ‘ಅವರಿಗಿಂತ ನಮ್ಮದು ಅರ್ಧ ಬೆಲೆ’ ಎಂದು ಹೇಳುವವರ ಬಳಿ ಈ ಅಂಕಿ ಕೇಳಿದರೆ ಮಾತು ಬೇರೆ ದಾರಿ ಹಿಡಿಯುವುದುಂಟು.

ಎಪಾಕ್ಸಿಗೂ ದೌರ್ಬಲ್ಯಗಳಿವೆ. ಬಿಸಿಲು ನೇರವಾಗಿ ಬೀಳುವ ಕಡೆ ಹಳದಿಗಟ್ಟಿ, ಕಾಲ ಕಳೆದಂತೆ ಮೇಲ್ಮೈ ಸುಣ್ಣದ ಪುಡಿಯಂತೆ ಏಳುತ್ತದೆ. ಮಳೆಗಾಲದ ತೇವದಲ್ಲಿ ಬಳಿದರೆ ಮೇಲೆ ಮೇಣದಂಥ ಬಿಳಿಯ ಪೊರೆ ಕೂರುತ್ತದೆ. ನೆಲದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕೆಂದು ತಿಳಿದವರು ಹೇಳುತ್ತಾರೆ. ಕರಾವಳಿ, ಮಲೆನಾಡಿನವರು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಬಳಿದ ಮೇಲೆ ವಾರವಿಡೀ ಕಾರು ಬೀದಿಯಲ್ಲೇ ಇರಲಿ. ಕನ್ನಡಿಯಂತೆ ಹೊಳೆಯುವ ನೆಲ ಒದ್ದೆಯಾದರೆ ಜಾರುತ್ತದೆ. ಹಸಿ ಇರುವಾಗಲೇ ಮೇಲೆ ಸಣ್ಣ ಮರಳು ಎರಚಿಸಿ ಒರಟು ಮಾಡಿಸಬೇಕು. ಹೊಳಪಿಗೆ ಮನಸೋತು ಇದನ್ನು ಬೇಡವೆನ್ನುವವರೇ ಹೆಚ್ಚು. ವಯಸ್ಸಾದವರಿರುವ ಮನೆಯಲ್ಲಿ ಈ ಹಟ ಬೇಡ.

ಬಿಸಿಲಿಗೆ ತಡೆಯಬೇಕಾದರೆ ಎಪಾಕ್ಸಿಯ ಮೇಲೆ ಪಾಲಿಯುರಿಥೇನ್ ಹೊದಿಕೆ ಕೊಡುವುದುಂಟು. ಪಾಲಿಅಸ್ಪಾರ್ಟಿಕ್ ಎಂಬ ದುಬಾರಿ ತಮ್ಮನೊಬ್ಬ ಇದ್ದಾನೆ, ಒಂದೇ ದಿನದಲ್ಲಿ ಗಟ್ಟಿಯಾಗುತ್ತಾನೆ. ಇವುಗಳ ಗಟ್ಟಿಕಾರಕದಲ್ಲಿರುವುದು ಐಸೋಸಯನೇಟು ಎಂದು ಮಗಳು ಓದಿದಾಗ ಮನೆಯವರು ಬೆಚ್ಚಿದರು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಿಥೈಲ್ ಐಸೋಸಯನೇಟು. ವಂಶ ಒಂದೇ ಆದರೂ ನೆಲದ ಹೊದಿಕೆಯಲ್ಲಿರುವುದು ಅದಲ್ಲ. ಇವು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಆದರೂ ಬಳಿಯುವವನಿಗೆ ಆಸ್ತಮಾ ತರಬಲ್ಲವು. ಎಪಾಕ್ಸಿಯ ಗಟ್ಟಿಕಾರಕ ಬರಿಗೈಗೆ ಮೆತ್ತಿಕೊಂಡರೆ ಚರ್ಮಕ್ಕೆ ಒಗ್ಗದಿಕೆ ಅಂಟಿಕೊಂಡು, ಆಮೇಲೆ ಆ ವಸ್ತು ಮುಟ್ಟಿದಾಗಲೆಲ್ಲ ತುರಿಕೆ, ಗಾಯ. ಕೆಲಸಕ್ಕೆ ಬರುವ ಹುಡುಗರು ಕೈಗವಸಿಲ್ಲದೆ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ನಿಂತಿರುತ್ತಾರೆ. ಕರವಸ್ತ್ರ ಆವಿಯನ್ನು ತಡೆಯುವುದಿಲ್ಲ. ನೆಲದ ಚದರ ಅಡಿಗೆ ಎಷ್ಟೆಂದು ಚೌಕಾಶಿ ಮಾಡುವ ನಾವು ಕೈಗವಸು, ಸರಿಯಾದ ಮುಖಗವಸು ಕೊಡಿಸಿದರೆ ಎಷ್ಟು ಹೆಚ್ಚಾದೀತು? ಮಕ್ಕಳನ್ನಂತೂ ಬೆರೆಸುವ ಕೆಲಸಕ್ಕೆ ಹಚ್ಚಬೇಡಿ. ಬಾಗಿಲಾಚೆ ನಿಂತು ನೋಡಲಿ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊದಿಕೆಗೆ ಮುಂಚೆ ನೆಲ ಒರಟು ಮಾಡಲು ಆಸಿಡ್ ಸುರಿದು ತೊಳೆಯುವ ಪದ್ಧತಿಯಿದೆ. ಆ ಹೈಡ್ರೋಕ್ಲೋರಿಕ್ ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಅದರ ಜೊತೆ ಅಥವಾ ಅದಾದ ಕೂಡಲೇ ಬ್ಲೀಚಿಂಗ್ ಪೌಡರು ಹಾಕಿ ಉಜ್ಜಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಮೊಸಾಯಿಕ್ ನೆಲ ಉಜ್ಜುವ ಯಂತ್ರದಿಂದ ನೀರು ಹಾಕಿಕೊಂಡು ಉಜ್ಜಿಸುವುದೇ ಕ್ಷೇಮ. ಒಣಗಿದ್ದಂತೆಯೇ ಉಜ್ಜಿದರೆ ಏಳುವ ಮರಳಿನ ಸೂಕ್ಷ್ಮ ಧೂಳು ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ತರುತ್ತದೆ.

ಒಂದು ಪ್ಲಾಸ್ಟಿಕ್ ಹಾಳೆ

ಎಪಾಕ್ಸಿಯೇ ಸರಿ ಎಂದು ಮುಂಗಡ ಕೊಡಲು ಹೊರಟಿದ್ದೆ. ಪಟ್ಟಿ ಕಟ್ಟಿದ ಕೈಯಲ್ಲೇ ತಂದೆ ತಡೆದರು. “ನೆಲ ಒಣಗಿದೆಯೇನೋ ಮೊದಲು ನೋಡು” ಎಂದರು. ಒಣಗಿದೆಯಲ್ಲ, ಕಣ್ಣಿಗೆ ಕಾಣುತ್ತದೆಯಲ್ಲ ಎಂದರೆ ಒಪ್ಪಲಿಲ್ಲ.

ಇದಕ್ಕೊಂದು ಸರಳ ಪರೀಕ್ಷೆಯಿದೆ. ಹದಿನೆಂಟು ಅಂಗುಲ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಬೇಕು. ಕನಿಷ್ಠ 16 ಗಂಟೆ ಬಿಟ್ಟು ತೆಗೆದು ನೋಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಕೆಳಗಿನ ಕಾಂಕ್ರೀಟು ಕಪ್ಪಾಗಿದ್ದರೆ ನೀರು ಕೆಳಗಿನಿಂದ ಏರಿಬರುತ್ತಿದೆ ಎಂದರ್ಥ. ಹೊಸ ಮನೆ ಕಟ್ಟುವವರು ಕಾಂಕ್ರೀಟು ಸುರಿಯುವ ಮೊದಲು ಮಣ್ಣಿನ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿದರೆ ಈ ತೇವ ತಡೆಯಬಹುದು. ಹಳೆಯ ಮನೆಗಳಲ್ಲಿ ಅದೆಲ್ಲಿತ್ತು? ಎಪಾಕ್ಸಿಯನ್ನು ಕ್ಷಾರ ಅಷ್ಟಾಗಿ ಬಾಧಿಸದು. ಆದರೆ ಅದು ಉಸಿರಾಡದ ಹೊದಿಕೆ. ಕೆಳಗಿನ ತೇವಕ್ಕೆ ದಾರಿ ಸಿಗದೆ ಗುಳ್ಳೆಯೆದ್ದು ಕಳಚಿಕೊಳ್ಳುತ್ತದೆ.

ಮಗಳು ಬಣ್ಣ ಕೆರೆದ ನಾಲ್ಕು ಕಡೆ ಹಾಳೆ ಅಂಟಿಸಿದಳು. ಮರುದಿನ ಮೂರರಲ್ಲಿ ಮಸುಕು ಆವಿ. ತಂದೆ ಬಿದ್ದ ಮೂಲೆಯ ಹಾಳೆಯಲ್ಲಿ ಮಾತ್ರ ದಪ್ಪ ಹನಿಗಳು, ಅಲುಗಿಸಿದರೆ ಹರಿಯುವಷ್ಟು. ಆ ಮೂಲೆಯ ಗೋಡೆಯಾಚೆ ಇರುವುದು ನೀರಿನ ಸಂಪು. ಸಂಪು ತುಂಬಿಸಿ, ಮೋಟಾರು ಹಾಕದೆ, ಕೋಲಿನಿಂದ ಅಳತೆ ಗುರುತು ಮಾಡಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ನೀರು ಎರಡು ಅಂಗುಲ ಇಳಿದಿತ್ತು. ಎಷ್ಟು ವರ್ಷದಿಂದ ಹೀಗೆ ಸೋರುತ್ತಿತ್ತೋ. ಬಣ್ಣ, ಎಪಾಕ್ಸಿ ಎಂದು ಚರ್ಚಿಸುತ್ತಿದ್ದ ನಾವು ಮೊದಲು ಕರೆಯಬೇಕಾಗಿದ್ದುದು ಸಂಪಿನ ಬಿರುಕು ಮುಚ್ಚುವವನನ್ನು.

ಎಪಾಕ್ಸಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೆಂಗಳೂರಿನಲ್ಲಿ ತಮ್ಮನ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲುವ ಮಹಡಿಯ ಕೆಳಗೆ ಇನ್ನೊಂದು ಪಾರ್ಕಿಂಗ್ ಮಹಡಿಯಿದೆ. ನೆಲದಡಿ ಮಣ್ಣೇ ಇಲ್ಲದ ಮೇಲೆ ತೇವ ಏರುವುದೆಲ್ಲಿಂದ? ಬಿಸಿಲೂ ಬೀಳದು. ಅಲ್ಲಿ ಬೂದುಬಣ್ಣದ ಎಪಾಕ್ಸಿ ಚೆನ್ನಾಗಿ ಬಾಳುತ್ತಿದೆ.

ಮಣ್ಣಿನ ಮೇಲೆ ಕೂತ ನೆಲಕ್ಕೆ ನಮ್ಮ ಹಳೆಯ ಕ್ರಮಗಳನ್ನೂ ಯೋಚಿಸಬಹುದು. ಶಹಾಬಾದಿ ಕಲ್ಲು ಅಗ್ಗ, ತಂಪು, ನೋಡಲು ಲಕ್ಷಣ. ಆದರೆ ಕಲಬುರಗಿ ಸೀಮೆಯ ಆ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳು ಅರೆದು ಸುಡುವುದೂ ಅದೇ ಜಾತಿಯ ಕಲ್ಲನ್ನು. ನಿಂಬೆರಸ ಬಿದ್ದರೆ ಮಂಕಾಗುವ ಕಲ್ಲಿನ ಮೇಲೆ ಬ್ಯಾಟರಿಯ ಗಂಧಕಾಮ್ಲ ಬಿದ್ದರೆ ಕೇಳಬೇಕೆ? ಕಡಪ ಕಲ್ಲಿನದೂ ಅದೇ ಪಾಡು. ಗ್ರಾನೈಟಿಗೆ ಈ ಭಯವಿಲ್ಲ, ಆದರೆ ಪಾಲಿಶ್ ಮಾಡಿದ್ದು ಬೇಡ, ಒರಟಾದದ್ದು ಬೇಕು. ಇಂಟರ್‌ಲಾಕ್ ಇಟ್ಟಿಗೆಗಳ ಸಂದಿಯಲ್ಲಿ ತೇವ ಆರಿಹೋಗುತ್ತದೆ, ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದು; ಎಣ್ಣೆಯ ಕಲೆ ಮಾತ್ರ ಹೋಗದು.

ತಂದೆಯವರ ಆಸೆ ಕಾವಿ ನೆಲ, ಅಂದರೆ ರೆಡ್ ಆಕ್ಸೈಡು. ಅವರು ಹುಟ್ಟಿದ ಮನೆಯಲ್ಲಿತ್ತಂತೆ, ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ಮುಖ ಕಾಣುವಂತಿತ್ತಂತೆ. ಆ ಕೆಂಪು ಕಬ್ಬಿಣದ ಆಕ್ಸೈಡು, ತುಕ್ಕಿನ ಸೋದರ. ಆಗಲೇ ತುಕ್ಕಾಗಿರುವುದರಿಂದ ಬಿಸಿಲಿಗೂ ಕ್ಷಾರಕ್ಕೂ ಬಣ್ಣ ಬಿಡದು. ಹೊದಿಕೆಯೇ ಅಲ್ಲ, ಸಿಮೆಂಟಿನೊಳಗೇ ಬೆರೆತದ್ದು, ಸುಲಿದು ಬರುವ ಪ್ರಶ್ನೆಯಿಲ್ಲ. ಸಿಮೆಂಟಿನ ತೂಕದ ಹತ್ತನೇ ಒಂದು ಪಾಲನ್ನು ಮೀರಿ ಬಣ್ಣ ಬೆರೆಸಬಾರದು, ಗಾರೆ ದುರ್ಬಲವಾಗುತ್ತದೆ. ಆದರೆ ಬಿರುಕು ಬಿಟ್ಟರೆ ಆ ಕೆಂಪಿಗೆ ಹೊಂದುವ ತೇಪೆ ಹಾಕುವುದು ಯಾರಿಂದಲೂ ಆಗದು. ಅದನ್ನು ಉಜ್ಜಿ ಹೊಳಪು ತರಬಲ್ಲ ಗಾರೆಯವರೂ ಈಗ ಅಪರೂಪ. ಕೈ ಮುರಿದುಕೊಂಡ ಮನುಷ್ಯನಿಗೆ ಮುಖ ಕಾಣುವ ನೆಲ ಬೇಡವೆಂದು ನಾವು ಒಪ್ಪಿಸಬೇಕಾಯಿತು.

ಕೊನೆಗೆ ನಾವು ಮಾಡಿಸಿದ್ದು ಇಷ್ಟು. ಸಂಪು ಸರಿಪಡಿಸಿ ಎರಡು ತಿಂಗಳು ಬಿಟ್ಟೆವು. ಬಣ್ಣವನ್ನೆಲ್ಲ ನೀರುಯಂತ್ರದಲ್ಲಿ ಉಜ್ಜಿಸಿದೆವು. ಬರಿಯ ಸಿಮೆಂಟಿನ ಮೇಲೆ ಸಿಲಿಕೇಟು ದ್ರಾವಣ ಕುಡಿಸಿದೆವು. ಇದು ಮೇಲೆ ಪೊರೆ ಕಟ್ಟುವುದಿಲ್ಲ. ಗಾರೆಯೊಳಗೆ ಉಳಿದ ಸುಣ್ಣದೊಡನೆ ಕೂಡಿ ಅಲ್ಲೇ ಗಟ್ಟಿಯಾಗಿ ರಂಧ್ರಗಳನ್ನು ಕಿರಿದು ಮಾಡುತ್ತದೆ. ನೆಲಕ್ಕೆ ಕ್ಷಾರವನ್ನು ತಂದಿಟ್ಟ ಅದೇ ಸುಣ್ಣ ಈಗ ಅದನ್ನು ಗಟ್ಟಿ ಮಾಡುತ್ತಿದೆ ಎಂಬುದು ಮಗಳ ವಿವರಣೆ. ಧೂಳು ನಿಂತಿತು. ತೇವಕ್ಕೆ ಆರಲು ದಾರಿಯಿದೆ. ಎಣ್ಣೆ ಚೆಲ್ಲಿದರೆ ಕಲೆಯಾಗುತ್ತದೆ, ಆಗಲಿ. ಬ್ಯಾಟರಿಯ ಕೆಳಗೆ ಪ್ಲಾಸ್ಟಿಕ್ ತಟ್ಟೆ, ಸ್ಕೂಟರಿಗೆ ರಬ್ಬರ್ ತುಂಡು. ಗೇಟಿನ ಬಳಿಯ ಇಳಿಜಾರಿಗೆ ಒರಟು ಗ್ರಾನೈಟು. ನೋಡಲು ಏನೂ ಇಲ್ಲ. ಈ ಸಲ ಬಂದವರು ಯಾರೂ ಹೊಗಳಲಿಲ್ಲ.

ಸಂಪಿನ ಪಕ್ಕದ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಮಾತ್ರ ಇನ್ನೂ ಅಂಟಿಕೊಂಡಿದೆ. ತೆಗೆಯಲು ತಂದೆ ಬಿಡುವುದಿಲ್ಲ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಹಾಲಿಗೆ ಹೋಗುವಾಗ ಕೋಲೂರಿಕೊಂಡು ಅಲ್ಲಿ ನಿಂತು ಬಗ್ಗಿ ನೋಡುತ್ತಾರೆ. ಆಮೇಲೆ ಒಳಗೆ ಬಂದು, ಪ್ಯಾಕೆಟ್ಟು ಮೇಜಿನ ಮೇಲಿಡುತ್ತಾ ಹೇಳುತ್ತಾರೆ: “ಇವತ್ತೂ ಹನಿಯಿಲ್ಲ ಕಣೋ.”